ಲಕ್ಷದ್ವೀಪದ ನೆಲ ಎಲ್ಲಿಂದ ಬಂತು?

[ದೃಶ್ಯ: ನಕಾಶೆ. ಮಂಗಳೂರಿನಿಂದ ಅರಬ್ಬಿ ಸಮುದ್ರದ ಕಡೆ ಸರಿಯಲಿ]

ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು 300 ಕಿಲೋಮೀಟರ್ ಹೋದರೆ ಅಮಿನಿ ದ್ವೀಪ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇವೆಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು! ಈಗ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶ. ದ್ವೀಪಗಳು 36, ಜನ ಇರುವುದು ಹತ್ತರಲ್ಲಿ. ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್ ಅಷ್ಟೇ.

ಅಲ್ಲಿ ಅಗೆದರೆ ಕೆಂಪು ಮಣ್ಣು ಸಿಗಲ್ಲ. ಸಿಗುವುದು ಹವಳದ ಪುಡಿ, ಚಿಪ್ಪಿನ ಚೂರು. ಗಿಳಿಮೀನು ಹವಳ ಕಡಿದು ತಿಂದು ಹೊರಹಾಕಿದ ಮರಳೂ ಇದೆ. ಹೌದು, ಬೀಚ್‌ನಲ್ಲಿ ಜನ ಫೋಟೋ ತೆಗೆಸಿಕೊಳ್ಳುವ ಬಿಳಿ ಮರಳಿನಲ್ಲಿ ಅದೂ ಸೇರಿದೆ.

[ದೃಶ್ಯ: ಸಮುದ್ರದಡಿಯ ಪರ್ವತಸಾಲಿನ ಅನಿಮೇಷನ್]

ಕೆಳಗೆ ಮುಳುಗಿದ ಪರ್ವತಸಾಲು ಇದೆ. ಭಾರತದ ಭೂಫಲಕ ಉತ್ತರಕ್ಕೆ ಸರಿಯುವಾಗ ರೀಯೂನಿಯನ್ ಹಾಟ್‌ಸ್ಪಾಟ್, ಅಂದರೆ ಭೂಮಿಯ ಆಳದಿಂದ ಕುದಿಯುವ ಶಿಲಾರಸ ಉಕ್ಕುವ ಜಾಗದ ಮೇಲೆ ಹಾದುಬಂತು, ಆಗ ಈ ಸಾಲು ಎದ್ದಿತು ಎನ್ನುವುದು ಹೆಚ್ಚಿನ ಭೂವಿಜ್ಞಾನಿಗಳ ಮಾತು. ಬೆಳಗಾವಿ, ವಿಜಯಪುರದ ಕರಿಕಲ್ಲಿನ ಮೂಲವನ್ನೂ ಅವರು ಅಲ್ಲಿಗೇ ಜೋಡಿಸುತ್ತಾರೆ. ಪರ್ವತ ನಿಧಾನವಾಗಿ ಕುಸಿಯುತ್ತಾ ಹೋಯಿತು, ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯಿತು.

ಈಗ ಉಪಗ್ರಹ ಚಿತ್ರ ನೋಡಿ. ಹೆಚ್ಚಿನ ಕಡೆ ಲಗೂನ್, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು, ಪಶ್ಚಿಮಕ್ಕೆ, ದ್ವೀಪ ಪೂರ್ವದ ಅಂಚಿನಲ್ಲಿ. ಮುಂಗಾರಿನ ಅಲೆಗಳು ಪಶ್ಚಿಮದ ಹವಳದ ದಿಬ್ಬಕ್ಕೆ ಬಡಿಯುತ್ತವೆ. ಒಡೆದ ಚೂರು ಲಗೂನ್ ದಾಟಿ ಪೂರ್ವಕ್ಕೆ ಬಂದು ಗುಡ್ಡೆಯಾಗುತ್ತದೆ. ಆಂಡ್ರೋತ್ ದ್ವೀಪ ಮಾತ್ರ ಈ ಲೆಕ್ಕಕ್ಕೆ ಬಗ್ಗಲ್ಲ, ಅದು ಪೂರ್ವ-ಪಶ್ಚಿಮವಾಗಿ ಅಡ್ಡ ಮಲಗಿದೆ.

ಇಷ್ಟಾದ ಮೇಲೂ ನೆಲ ಸಮುದ್ರಕ್ಕಿಂತ ಕೆಲವೇ ಮೀಟರ್ ಎತ್ತರ. ಹೊಳೆ ಇಲ್ಲ, ಹಳ್ಳ ಇಲ್ಲ. ಹಾಗಾದರೆ ಬಾವಿಯಲ್ಲಿ ಸಿಹಿನೀರು ಹೇಗೆ?

[ದೃಶ್ಯ: ದ್ವೀಪದ ಅಡ್ಡಸೀಳು]

ಮಳೆನೀರು ಮರಳಿನೊಳಗೆ ಇಳಿಯುತ್ತದೆ. ಉಪ್ಪುನೀರಿಗಿಂತ ಹಗುರ, ಅದಕ್ಕೇ ಅದರ ಮೇಲೆ ತೆಳ್ಳಗೆ ತೇಲಿ ನಿಲ್ಲುತ್ತದೆ. ಸಮುದ್ರದ ಉಬ್ಬರ-ಇಳಿತಕ್ಕೆ ಬಾವಿಯ ನೀರೂ ಏರಿ ಇಳಿಯುತ್ತದೆ. ಕೊಡದಲ್ಲಿ ಸೇದಿದರೆ ತೊಂದರೆ ಇಲ್ಲ. ಪಂಪ್ ಹಾಕಿ ಜಾಸ್ತಿ ಎಳೆದರೆ ಅಡಿಯ ಉಪ್ಪುನೀರು ಮೇಲೆ ಬರುತ್ತದೆ.

1998ರಲ್ಲಿ ಸಮುದ್ರ ಬಿಸಿಯಾಗಿ ಇಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಸತ್ತಿತು. ಆಮೇಲೂ 2010, 2016ರಲ್ಲಿ ಅದೇ ಕಥೆ. ನನ್ನ ಪ್ರಕಾರ ಇಲ್ಲಿ ಸಮುದ್ರಮಟ್ಟ ಎಷ್ಟು ಏರಿತು ಅಂತ ಮಾತ್ರ ಕೇಳಿದರೆ ಸಾಲದು. ಹವಳ ಸತ್ತರೆ ಅಲೆ ತಡೆಯುವ ದಿಬ್ಬವೂ ಸವೆಯುತ್ತದೆ, ಹೊಸ ಮರಳೂ ಕಡಿಮೆಯಾಗುತ್ತದೆ.

ಮುಳುಗಿದ ಪರ್ವತದಿಂದ ಒಂದು ಲಾಭವೂ ಇದೆ. ಕಡಿದಾದ ಇಳಿಜಾರು, ದಡದ ಹತ್ತಿರವೇ 350 ಮೀಟರ್ ಆಳ. ಕವರತ್ತಿ ದ್ವೀಪದಲ್ಲಿ 2005ರಿಂದ ಆ ಆಳದ ತಣ್ಣೀರನ್ನು ಪೈಪಿನಲ್ಲಿ ಎತ್ತುತ್ತಾರೆ. ಮೇಲಿನ ಬೆಚ್ಚಗಿನ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆ ತಣ್ಣೀರಿನಿಂದ ತಂಪಾಗಿಸಿದರೆ ದಿನಕ್ಕೆ ಸುಮಾರು 1 ಲಕ್ಷ ಲೀಟರ್ ಕುಡಿಯುವ ನೀರು.