ಅಂಗಡಿ ಮುಂದೆ ನಿಂತು ಕಲಿಯಿರಿ

ಕೇಳುಗರಿಗೆ ನಮಸ್ಕಾರ. ಪಿಯುಸಿ ಮುಗಿಸಿದವರು, ಡಿಗ್ರಿ ಓದುತ್ತಿರುವವರು, ಅವರ ಜೊತೆ ಕೂತು ಸ್ವಲ್ಪ ಆತಂಕದಿಂದಲೇ ಕೇಳುತ್ತಿರುವ ಅಪ್ಪ ಅಮ್ಮಂದಿರು, ಇವತ್ತಿನ ಮಾತು ನಿಮಗಾಗಿ. ಜಾಹೀರಾತು ಬರೆಯುವ, ರೂಪಿಸುವ ಕೆಲಸಕ್ಕೆ ಬರಬೇಕು ಎನ್ನುವವರು ಓದುವಾಗಲೇ ಏನು ತಯಾರಿ ಮಾಡಬೇಕು?

ಯಾವ ಕಾಲೇಜಿಗೆ ಹೋದರೂ ಮೊದಲ ಪ್ರಶ್ನೆ ಒಂದೇ. 'ಮೇಡಂ, ಯಾವ ಕೋರ್ಸ್ ಮಾಡಲಿ?' ಅದಾದ ಮೇಲೆ, 'ಯಾವ ಸಾಫ್ಟ್‌ವೇರ್ ಕಲಿಯಲಿ?' ಕೋರ್ಸ್ ಮಾಡಿ, ಸಂತೋಷ. ಚಿತ್ರ ಬರುತ್ತದೆ ಎಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇದೆ, ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾ ಇದೆ. ಆದರೆ ಫೆವಿಕಾಲ್ ಜಾಹೀರಾತುಗಳಿಂದ ಹೆಸರಾದ ಪಿಯೂಷ್ ಪಾಂಡೆ 1982ರಲ್ಲಿ ಒಗಿಲ್ವಿ ಎಂಬ ಜಾಹೀರಾತು ಏಜೆನ್ಸಿ ಸೇರುವ ಮೊದಲು ರಣಜಿ ಆಡಿದ್ದರು, ಚಹಾದ ರುಚಿ ನೋಡುವ ಕೆಲಸ ಮಾಡಿದ್ದರು. ಕೋರ್ಸಿಗಿಂತ ಮೊದಲು ಬೇಕಾದದ್ದು ಬೇರೆ ಇದೆ. ಮಾರಬೇಕಾದ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ. ಕೊಳ್ಳುವವರನ್ನು ಕಣ್ಣಾರೆ ನೋಡಿ. ಆಮೇಲೆ ಬರೆಯಿರಿ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಕಥೆ ಇದೆ. ಮೈಸೂರು ಸ್ಯಾಂಡಲ್ ಸೋಪಿನ ಕಥೆ. ಮೊದಲ ಮಹಾಯುದ್ಧ ಬಂದಾಗ ಮೈಸೂರು ಸಂಸ್ಥಾನದ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು. ಕೊರಡುಗಳು ಇಲ್ಲೇ ರಾಶಿ ಬಿದ್ದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. ಮರ ಮಾರಲು ಆಗದಿದ್ದರೆ ಎಣ್ಣೆಯನ್ನೇ ತೆಗೆಯೋಣ ಎಂದು 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರು ಮಾಡಿದರು. ಆ ಎಣ್ಣೆಯಿಂದ ಸೋಪು ಮಾಡುವುದನ್ನು ಕಲಿತು ಬರಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿದರು. ಮುಂದೆ ಜನ ಅವರನ್ನು ಸೋಪು ಶಾಸ್ತ್ರಿ ಎಂದೇ ಕರೆದರು.

ಈಗ ಗಮನವಿಟ್ಟು ಕೇಳಿ. ಶಾಸ್ತ್ರಿಗಳದು ರಸಾಯನಶಾಸ್ತ್ರ. ಸೋಪು ಮಾಡಿ ಕೊಟ್ಟು ಸುಮ್ಮನಿರಬಹುದಿತ್ತು. ಅವರು ಕೊಳ್ಳುವ ಜನರನ್ನು ನೋಡಿದರು. ಬೇರೆ ಸೋಪುಗಳು ಚೌಕಾಕಾರ ಇದ್ದಾಗ ಇದಕ್ಕೆ ಮೊಟ್ಟೆಯ ಆಕಾರ ಕೊಟ್ಟರು. ನಮ್ಮವರಿಗೆ ಒಡವೆ ಎಂದರೆ ಆಸೆ ಎಂದು ಗೊತ್ತಿತ್ತು, ಸೋಪಿನ ಡಬ್ಬಿಯನ್ನು ಒಡವೆ ಪೆಟ್ಟಿಗೆಯ ರೀತಿಯಲ್ಲೇ ಮಾಡಿಸಿದರು. ಗುರುತಿಗೆ ಶರಭವನ್ನು ತಂದರು. ಆನೆಯ ತಲೆ, ಸಿಂಹದ ಮೈ. ಓದು ಬಾರದವರೂ ಅಂಗಡಿಯಲ್ಲಿ ಬೆರಳು ತೋರಿಸಿ ಕೇಳಬಹುದು, ಅಲ್ವಾ? ಪ್ರಚಾರ ಎಲ್ಲಿ ಮಾಡಿದರು ನೋಡಿ. ಟ್ರಾಮ್ ಟಿಕೆಟ್ ಮೇಲೆ, ಬೆಂಕಿಪೊಟ್ಟಣದ ಮೇಲೆ. ಟಿಕೆಟ್ ಇಳಿಯುವ ತನಕ ಕೈಯಲ್ಲೇ ಇರುತ್ತದೆ. ಬೆಂಕಿಪೊಟ್ಟಣ ಒಲೆ ಹಚ್ಚುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಕರಾಚಿಯಲ್ಲಂತೂ ಈ ಸೋಪಿಗಾಗಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರು! ಮೈಸೂರಿನ ಸೋಪು, ಅಲ್ಲಿನ ಒಂಟೆ. ಆ ಊರಿನ ಬೀದಿಗೆ ಏನು ಒಪ್ಪುತ್ತದೆ ಎಂದು ಯೋಚಿಸಿದ್ದರಿಂದ ಬಂದ ಐಡಿಯಾ ಅದು. ಯಾವ ಸಾಫ್ಟ್‌ವೇರ್ ಇದನ್ನು ಕೊಡುತ್ತದೆ ಹೇಳಿ?

ಕಥೆಗೇ ಜಾಸ್ತಿ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೆಲಸ ಕೇಳಿಕೊಂಡು ಹೋದಾಗ ಮಾರ್ಕ್ಸ್ ಕಾರ್ಡಿಗಿಂತ ಮೊದಲು ನೋಡುವುದು ಪೋರ್ಟ್‌ಫೋಲಿಯೋ. ನೀವು ಮಾಡಿದ ಜಾಹೀರಾತುಗಳ ಕಟ್ಟು. ಯಾರೂ ಕೆಲಸ ಕೊಟ್ಟಿಲ್ಲ, ಪೋರ್ಟ್‌ಫೋಲಿಯೋ ಎಲ್ಲಿಂದ ತರಲಿ ಎನ್ನುತ್ತೀರಿ. ನೀವೇ ಕೆಲಸ ಹುಡುಕಿಕೊಳ್ಳಿ. ಒಂದು ಉದಾಹರಣೆ. ಚನ್ನಪಟ್ಟಣಕ್ಕೆ ಹೋಗಿ. ಬೊಂಬೆಗಾಗಿ ಆಲೆ ಮರದ ತುಂಡನ್ನು ತಿರುಗಿಸಿ ಅರಗಿನ ಬಣ್ಣ ಹಚ್ಚುವುದನ್ನು ನೋಡಿ. ಬೊಂಬೆ ಅಂಗಡಿ ಮುಂದೆ ಒಂದು ಮಧ್ಯಾಹ್ನ ನಿಲ್ಲಿ. ಮೊದಲು ಬೆಂಗಳೂರು ಮೈಸೂರಿನ ಕಾರುಗಳೆಲ್ಲ ಊರೊಳಗೇ ಹೋಗುತ್ತಿದ್ದವು. ಈಗ ಎಕ್ಸ್‌ಪ್ರೆಸ್‌ವೇ ಬಂದು ಊರನ್ನು ಬಳಸಿ ಹೋಗುತ್ತದೆ. ಗಿರಾಕಿಗಳು ಹೊರಗಿಂದ ಹೊರಗೇ ದಾಟುತ್ತಾರೆ. ಅವರನ್ನು ಮತ್ತೆ ಊರೊಳಗೆ ಕರೆಯುವುದು ಹೇಗೆ? ಜಾಹೀರಾತು ಮಾಡುವವರಿಗೆ ಮೊದಲು ಕೊಡುವ ಇಂಥ ಸವಾಲಿಗೆ ಬ್ರೀಫ್ ಎನ್ನುತ್ತಾರೆ; ಇದಕ್ಕಿಂತ ಒಳ್ಳೆಯ ಬ್ರೀಫ್ ಯಾವ ಏಜೆನ್ಸಿಯೂ ನಿಮಗೆ ಕೊಡುವುದಿಲ್ಲ. ಒಂದು ಹೋರ್ಡಿಂಗ್, ಒಂದು ರೇಡಿಯೋ ಸ್ಪಾಟ್, ಫೋನಿನಲ್ಲಿ ನೋಡುವ ಒಂದು ಸಣ್ಣ ವೀಡಿಯೋ, ಮೂರರಲ್ಲೂ ಒಂದೇ ಐಡಿಯಾ ಇರಲಿ. ನಿಮ್ಮೂರಿನ ಬೇಕರಿಗೂ, ಸ್ತ್ರೀಶಕ್ತಿ ಸಂಘದ ಉಪ್ಪಿನಕಾಯಿಗೂ ಹೀಗೇ ಮಾಡಿ. ಹತ್ತು ಒಳ್ಳೆಯವು ಸಾಕು, ಐವತ್ತು ಸಾಧಾರಣದವು ಬೇಡ.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹಿಂದಿಯಲ್ಲಿ ತಯಾರಾದ ಜಾಹೀರಾತನ್ನು ಪದಕ್ಕೆ ಪದ ಕನ್ನಡಕ್ಕೆ ತಿರುಗಿಸಿ ನಟರ ತುಟಿಯಾಟಕ್ಕೆ ಕೂರಿಸುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಹುಬ್ಬಳ್ಳಿಯ ಮಾತು, ಮಂಗಳೂರಿನ ಮಾತು, ಮಂಡ್ಯದ ಮಾತು ನಿಮ್ಮ ಕಿವಿಯಲ್ಲಿದ್ದರೆ ಅದು ನಿಮ್ಮ ಬಂಡವಾಳ. ಇಂಗ್ಲಿಷ್ ಕಲಿಯಿರಿ, ಕ್ಲೈಂಟ್ ಮುಂದೆ ಐಡಿಯಾ ವಿವರಿಸಲು ಬೇಕಾಗುತ್ತದೆ. ಯೋಚನೆ ಮಾತ್ರ ಕನ್ನಡದಲ್ಲೇ ಮಾಡಿ. ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿದ್ದನ್ನು ತೆಗೆದು ಪಕ್ಕದವರ ಮಾತು ಕೇಳಿಸಿಕೊಳ್ಳಿ. ಸಂತೆಗೆ ಹೋಗಿ, ಚೌಕಾಸಿ ಕೇಳಿ. ಮತ್ತೆ ಅದೇ ಹೇಳುತ್ತಿದ್ದೇನೆ, ಕೊಳ್ಳುವವರನ್ನು ನೋಡಿ.

ಇನ್ನೊಂದು. ಬರೆಯುವವರು ಚಿತ್ರ ಬಿಡಿಸುವ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಹುಡುಕಿಕೊಳ್ಳಿ. 1949ರಲ್ಲಿ ನ್ಯೂಯಾರ್ಕಿನಲ್ಲಿ ಡಿಡಿಬಿ ಏಜೆನ್ಸಿ ಕಟ್ಟಿದ ಬಿಲ್ ಬರ್ನ್‌ಬಾಕ್ ಮಾತು ಬರೆಯುವ ಕಾಪಿರೈಟರ್ ಮತ್ತು ಚಿತ್ರ ರೂಪಿಸುವ ಆರ್ಟ್ ಡೈರೆಕ್ಟರನ್ನು ಜೊತೆಗೆ ಕೂರಿಸಿದರು. ಇಂದಿಗೂ ಕೆಲಸ ನಡೆಯುವುದು ಹಾಗೇ.

ಪೋರ್ಟ್‌ಫೋಲಿಯೋ ಕಳಿಸುವಾಗ ಏಜೆನ್ಸಿಯಲ್ಲಿ ಬರೆಯುವ, ಚಿತ್ರಿಸುವ ತಂಡದ ಮುಖ್ಯಸ್ಥರಾದ ಕ್ರಿಯೇಟಿವ್ ಡೈರೆಕ್ಟರ್ ಹೆಸರು ತಿಳಿದುಕೊಂಡು ಅವರಿಗೇ ಬರೆಯಿರಿ. ಮೇಲ್ ನಾಲ್ಕು ಸಾಲು ಮೀರದಿರಲಿ. ಎಲ್ಲಕ್ಕಿಂತ ಚೆನ್ನಾಗಿರುವ ಜಾಹೀರಾತನ್ನು ಮೊದಲ ಪುಟದಲ್ಲಿಡಿ, ಎರಡನೇ ಪುಟ ತೆರೆಯುವಷ್ಟು ಪುರುಸೊತ್ತು ಅವರಿಗೆ ಇರದೇ ಹೋಗಬಹುದು. ಎರಡು ವಾರ ಉತ್ತರ ಬರದಿದ್ದರೆ ಹೊಸದೊಂದು ಜಾಹೀರಾತು ಸೇರಿಸಿ ಮತ್ತೆ ಕಳಿಸಿ. ನಮಸ್ಕಾರ.