ಹಾಳೆ, ಪೆನ್ನು ಇಟ್ಕೊಳ್ಳಿ

ಕೇಳುಗರೇ, ನಮಸ್ಕಾರ. ಒಂದು ಹಾಳೆ, ಒಂದು ಪೆನ್ನು ಹತ್ತಿರ ಇಟ್ಕೊಳ್ಳಿ. ರೇಡಿಯೋದಲ್ಲಿ ಕರಿಹಲಗೆ ಇಲ್ಲ ನೋಡಿ, ಬರೆಯುವ ಕೆಲಸ ನಿಮ್ಮದು.

ಕಲಬುರಗಿ ಕಡೆ ಕಾಲೇಜು ಗಣಿತ ಅಧ್ಯಾಪಕರು, ವಿದ್ಯಾರ್ಥಿಗಳು ಸೇರುವ ಒಂದು ಸಮಾವೇಶಕ್ಕೆ ಹೋಗಿದ್ದೆ. ದೀಪ ಹಚ್ಚುವುದು, ಶಾಲು, ಹಾರ ಅಂತ ಒಂದೂವರೆ ಗಂಟೆ ಹೋಯಿತು. ಸ್ವಾಗತ ಭಾಷಣದಲ್ಲಿ ಮಹಾವೀರಾಚಾರ್ಯರ ಹೆಸರು ಬಂತು. ಬರಲೇಬೇಕಲ್ವಾ? ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, 'ಗಣಿತಸಾರಸಂಗ್ರಹ' ಬರೆದವರು ಅವರು. ನೃಪತುಂಗನ ರಾಜಧಾನಿ ಮಳಖೇಡ ಅಲ್ಲೇ ಹತ್ತಿರ. ಚಪ್ಪಾಳೆ ಬಿತ್ತು. ಆದರೆ ಅವರ ಒಂದೇ ಒಂದು ಲೆಕ್ಕವನ್ನೂ ಯಾರೂ ಹೇಳಲಿಲ್ಲ! 139ನ್ನು 109ರಿಂದ ಗುಣಿಸಿ. 15151. ಹಿಂದಿನಿಂದ ಓದಿದರೂ ಅದೇ. ಇಂಥವನ್ನು ಅವರು ಕೊರಳಹಾರ ಎಂದು ಕರೆದರು. ಆವತ್ತು ವೇದಿಕೆಯ ಮೇಲೆ ಹಾಕಿದ ಹಾರಗಳಿಗಿಂತ ಇದು ಚೆನ್ನಾಗಿತ್ತು.

ಊಟವಾದ ಮೇಲೆ ಎಲ್ಲರಿಗೂ ತೂಕಡಿಕೆ. ಆಗ ಒಬ್ಬ ಅಧ್ಯಾಪಕರು ಪರದೆ, ಪ್ರೊಜೆಕ್ಟರ್ ಎಲ್ಲ ಬಿಟ್ಟು ಸೀಮೆಸುಣ್ಣ ಹಿಡಿದರು. ನಾಲ್ಕಂಕಿಯ ಒಂದು ಸಂಖ್ಯೆ ಹೇಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಂದರು. ಯಾರೋ 3524 ಅಂದರು. ಈಗ ನೀವೂ ಬರೆಯಿರಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 5432. ತಿರುಗಿಸಿದರೆ 2345. ಕಳೆದರೆ 3087. ಮತ್ತೆ ಹಾಗೇ ಮಾಡಿ: 8730ರಲ್ಲಿ 0378 ಕಳೆದರೆ 8352. ಇನ್ನೊಮ್ಮೆ: 8532ರಲ್ಲಿ 2358 ಹೋದರೆ 6174. ಮುಂದೆ ಎಷ್ಟು ಸಲ ಮಾಡಿದರೂ 6174 ಅಲ್ಲಾಡುವುದಿಲ್ಲ. ಬೇರೆ ಸಂಖ್ಯೆ ಹಿಡಿದರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಇಲ್ಲಿಗೇ ಬರಬೇಕು.

ಇದನ್ನು ಕಂಡುಹಿಡಿದ ಕಾಪ್ರೇಕರ್ ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಇದನ್ನು ಹೇಳಿದರು. ದೊಡ್ಡವರು ಹಲವರಿಗೆ ಇದು ಸುಮ್ನೆ ಮಕ್ಕಳಾಟದಂತೆ ಕಂಡಿತು. 1975ರಲ್ಲಿ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡನರ್ ತಮ್ಮ ಗಣಿತದ ಅಂಕಣದಲ್ಲಿ ಬರೆದ ಮೇಲೆ ಲೋಕಕ್ಕೆಲ್ಲ ಕಾಪ್ರೇಕರ್ ಹೆಸರು ಗೊತ್ತಾಯಿತು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೇಳಿದಳು, "ಸರ್, ಐದು ಅಂಕಿ ತಗೊಂಡ್ರ ಏನಾಗ್ತದ್ರಿ?"

ಮೇಷ್ಟ್ರು ಒಂದು ಕ್ಷಣ ನಿಂತರು. "ನನಗೂ ಗೊತ್ತಿಲ್ಲವಾ. ಬಾ, ಮಾಡಿ ನೋಡೋಣು" ಅಂದರು. ಇಷ್ಟು ವರ್ಷದಲ್ಲಿ ವೇದಿಕೆ ಮೇಲೆ ನಿಂತವರ ಬಾಯಲ್ಲಿ ಈ ಮಾತು ನಾನು ಜಾಸ್ತಿ ಕೇಳಿಲ್ಲ. ನಾನಂತೂ ಒಮ್ಮೆಯೂ ಆಡಿರಲಿಲ್ಲ. ಹುಡುಗಿ ಹಲಗೆ ಹತ್ತಿರ ಬಂದಳು. ತೂಕಡಿಸುತ್ತಿದ್ದವರೆಲ್ಲ ಪೆನ್ನು ತೆಗೆದರು. ಮೇಷ್ಟ್ರು ಎರಡು ಸಲ ಕಳೆಯುವುದರಲ್ಲಿ ತಪ್ಪಿದರು, ಹುಡುಗರೇ ತಿದ್ದಿದರು. ಐದು ಅಂಕಿಯಲ್ಲಿ ನಿಲ್ಲುವ ಜಾಗವೇ ಸಿಗಲಿಲ್ಲ. 61974ರಿಂದ ಹೊರಟರೆ ನಾಲ್ಕು ಹೆಜ್ಜೆ ಸುತ್ತಿ ಮತ್ತೆ 61974. ಗಾಣದ ಎತ್ತಿನ ಹಾಗೆ. ಮುಂದಿನ ಗೋಷ್ಠಿ ಮುಕ್ಕಾಲು ಗಂಟೆ ತಡವಾಯಿತು, ಸಂಘಟಕರ ಮುಖ ಕೆಂಪಾಗಿತ್ತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅದೇ ಹುಡುಗಿ ಸಿಕ್ಕಳು. ಸಮಾವೇಶದ ಪ್ರಮಾಣಪತ್ರದ ಬೆನ್ನ ತುಂಬ ಲೆಕ್ಕ. ಏಳೆಂಟು ಸಂಖ್ಯೆ ಹಿಡಿದು ಒದ್ದಾಡಿದ ಮೇಲೆ ಆರು ಅಂಕಿಯಲ್ಲಿ ಅಲ್ಲಾಡದ್ದೊಂದು ಅವಳಿಗೆ ಸಿಕ್ಕಿತ್ತು: 631764. ಆರಂಕಿಯಲ್ಲಿ ಅಂಥದ್ದು ಇನ್ನೂ ಒಂದಿದೆ. ಅವಳಿಗೂ ಹೇಳಲಿಲ್ಲ, ನಿಮಗೂ ಹೇಳುವುದಿಲ್ಲ. ಹಾಳೆ ನಿಮ್ಮ ಹತ್ತಿರವೇ ಇದೆಯಲ್ಲ. ನಮಸ್ಕಾರ.