ಎರಡು ತುಂಡು ಸೇರೋ ಜಾಗ

ಕಾರ್ಖಾನೆಯಲ್ಲಿ ತುಂಡು ತುಂಡಾಗಿ ಮಾಡಿ, ಸೈಟಿಗೆ ತಂದು ಜೋಡಿಸೋ ಕಟ್ಟಡಗಳ ಬಗ್ಗೆ ಮಾತಾಡೋಣ. ನೆಲದ ಮೇಲೆ ಟೇಪ್ ಅಂಟಿಸಿ ಒಂದು ಆಯತ ಮಾಡಿದೀನಿ ನೋಡಿ, 49 ಇಂಚು ಉದ್ದ, 10 ಇಂಚು ಅಗಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಲ್ಲಿ ಕಟ್ಟಿದ ಗಾಜಿನ ಕಟ್ಟಡ ಕ್ರಿಸ್ಟಲ್ ಪ್ಯಾಲೇಸ್‌ನ ಛಾವಣಿಗೆ ಹಾಕಿದ ಒಂದೊಂದು ಗಾಜೂ ಇದೇ ಅಳತೆ. ಡಿಸೈನ್ ಮಾಡಿದ್ದು ಜೋಸೆಫ್ ಪ್ಯಾಕ್ಸ್ಟನ್, ಮೂಲತಃ ತೋಟಗಾರ, ಗಿಡಗಳಿಗೆ ಗಾಜಿನ ಮನೆ ಕಟ್ಟಿ ಕಟ್ಟಿ ಕೈ ಪಳಗಿದ್ದ ಮನುಷ್ಯ. ಕಾರ್ಖಾನೆಯಿಂದ ಬರೋ ಗಾಜಿನ ಅಳತೆ ಹಿಡ್ಕೊಂಡು ಇಡೀ ಕಟ್ಟಡದ ಲೆಕ್ಕ ಹಾಕಿಬಿಟ್ಟ, 24 ಅಡಿ ಅನ್ನೋದು ಮೂಲ ಅಳತೆ, ಒಟ್ಟು ಉದ್ದ 1848 ಅಡಿ, ಅಂದ್ರೆ ಕರೆಕ್ಟಾಗಿ 77 ಸಲ 24, ಭಾಗಿಸಿ ನೋಡಿದಾಗ ನಂಗಂತೂ ಮೈ ಜುಂ ಅಂತು.

ಆದ್ರೆ ನನಗೆ ಅದರಲ್ಲಿ ತುಂಬಾ ಇಷ್ಟ ಆಗೋದು ಗಟರ್, ಅಂದ್ರೆ ನೀರು ಹರಿಯೋ ದೋಣಿ. ಛಾವಣಿಯಲ್ಲಿ ಉದ್ದಕ್ಕೂ ಇಟ್ಟಿದ್ದ ಮರದ ಗಟರ್, ಹೊರಗಿನ ಮಳೆನೀರೂ ಅದಕ್ಕೇ, ಒಳಗೆ ಗಾಜಿನ ಮೇಲೆ ಬೆವರಿನ ಥರ ಕಟ್ಟೋ ನೀರೂ ಅದಕ್ಕೇ, ಅಲ್ಲಿಂದ ಟೊಳ್ಳು ಕಬ್ಬಿಣದ ಕಂಬದೊಳಗೆ ಇಳಿದು ಹೋಗ್ಬೇಕು. ಗಾಜು ಕೂರಿಸೋರ ಚಕ್ರದ ಗಾಡಿ ಓಡಿದ್ದೂ ಆ ಗಟರ್ ಮೇಲೇನೇ! 80 ಜನ ಸೇರಿ ಒಂದೇ ವಾರದಲ್ಲಿ 18,000ಕ್ಕೂ ಹೆಚ್ಚು ಗಾಜು ಕೂರಿಸಿದ್ರು. ಆಮೇಲೆ ಇಡೀ ಕಟ್ಟಡ ಬಿಚ್ಚಿ ಲಂಡನ್ನಿನ ಇನ್ನೊಂದು ಕಡೆ ಇರೋ ಸಿಡೆನ್‌ಹ್ಯಾಮ್‌ಗೆ ಸಾಗಿಸಿ, ಇನ್ನೂ ದೊಡ್ಡದಾಗಿ ಕಟ್ಟಿ 1854ರಲ್ಲಿ ತೆರೆದ್ರು. ಬಿಚ್ಚಿ ಮತ್ತೆ ಜೋಡಿಸೋಕೆ ಆಯ್ತಲ್ಲ, ಅದಕ್ಕೆ ಕಾರಣ ಜಾಯಿಂಟ್, ಅಂದ್ರೆ ಎರಡು ತುಂಡು ಸೇರೋ ಜಾಗ.

1920ರ ದಶಕದಲ್ಲಿ ಗ್ರೋಪಿಯಸ್, ಲ ಕಾರ್ಬೂಸಿಯೆ ಥರದ ಆರ್ಕಿಟೆಕ್ಟ್‌ಗಳೆಲ್ಲ ಕಾರು ತಯಾರಾಗೋ ಹಾಗೆ ಮನೆನೂ ತಯಾರಾಗ್ಲಿ ಅಂದ್ರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೋಟ್ಯಂತರ ಜನಕ್ಕೆ ಬೇಗ ಮನೆ ಬೇಕಾಗಿತ್ತು, ಯುರೋಪಿನ ತುಂಬಾ ಕಾಂಕ್ರೀಟ್ ಪ್ಯಾನೆಲ್ ಕಟ್ಟಡಗಳು ಎದ್ವು, ಅಂದ್ರೆ ಇಡೀ ಗೋಡೆನೇ ಕಾರ್ಖಾನೆಯಲ್ಲಿ ಅಚ್ಚು ಹಾಕಿ ತಂದು ಜೋಡಿಸಿದವು. ಅದನ್ನ ಬರೀ ಕುರೂಪ ಅಂತ ಬೈಯೋರ ಜೊತೆ ನಾನಿಲ್ಲ, ಎಷ್ಟೋ ಕುಟುಂಬಗಳಿಗೆ ಸ್ವಂತ ಬಚ್ಚಲುಮನೆ ಅಂತ ಸಿಕ್ಕಿದ್ದೇ ಅಲ್ಲಿ.

ಈಗ ಈ ಫೋಟೋ. ಲಂಡನ್ನಿನ ರೋನನ್ ಪಾಯಿಂಟ್, 22 ಮಹಡಿ, 1968 ಮೇ 16ರ ಬೆಳಗಿನ ಜಾವ. 18ನೇ ಮಹಡಿಯಲ್ಲಿ ಗ್ಯಾಸ್ ಸ್ಫೋಟ ಆಯ್ತು, ಭಾರ ಹೊರೋ ಗೋಡೆ ಪ್ಯಾನೆಲ್ಲೇ ಹೊರಗೆ ಹಾರಿಹೋಯ್ತು, ಒಳಗೆ ಬೇರೆ ಫ್ರೇಮ್ ಅನ್ನೋದೇ ಇಲ್ಲ, ಪ್ಯಾನೆಲ್ ಮೇಲೆ ಪ್ಯಾನೆಲ್ ಕೂರಿಸಿರೋದು ಅಷ್ಟೇ, ಹಾಗಾಗಿ ಮೇಲಿನ ಮಹಡಿಗಳು ಕುಸಿದ್ವು, ಅವುಗಳ ಭಾರಕ್ಕೆ ಕೆಳಗಿನವೂ ಒಂದರ ಹಿಂದೆ ಒಂದು, ಕಟ್ಟಡದ ಒಂದು ಮೂಲೆ ಪೂರ್ತಿ ಹೋಯ್ತು. ನಾಲ್ಕು ಜನ ಸತ್ರು. ಜನ ಅಲ್ಲಿ ವಾಸಕ್ಕೆ ಬಂದು ಸುಮಾರು ಎರಡು ತಿಂಗಳಾಗಿತ್ತು. 1986ರಲ್ಲಿ ಅದನ್ನ ಒಂದೊಂದೇ ಮಹಡಿ ಬಿಚ್ಚಿದಾಗ ಗಾರೆ ಗಟ್ಟಿಯಾಗಿ ತುಂಬಿರಬೇಕಾದ ಜಾಯಿಂಟ್‌ಗಳಲ್ಲಿ ಹಳೇ ನ್ಯೂಸ್‌ಪೇಪರ್ ತುರುಕಿದ್ದು ಸಿಕ್ತು. ಇದನ್ನ ಓದಿದ ದಿನ ನಂಗೆ ಸಿಟ್ಟು ತಡೆಯೋಕಾಗ್ಲಿಲ್ಲ. ಕಾರ್ಖಾನೆಯಲ್ಲಿ ಪ್ಯಾನೆಲ್ ಎಷ್ಟೇ ಚೆನ್ನಾಗಿ ಮಾಡಿ ಕಳ್ಸಿ, ಸೈಟಲ್ಲಿ ಆ ಸಂದು ತುಂಬೋನಿಗೆ ಟೈಮ್ ಕೊಡ್ಲಿಲ್ಲ, ತುಂಬಿದ್ನೋ ಇಲ್ವೋ ಅಂತ ಯಾರೂ ಬಗ್ಗಿ ನೋಡ್ಲಿಲ್ಲ ಅಂದ್ರೆ ಮುಗೀತು.

ಕೊನೆದು ಟೋಕಿಯೋದ ನಕಾಗಿನ್ ಕ್ಯಾಪ್ಸುಲ್ ಟವರ್, 1972, ಕಿಶೋ ಕುರೊಕಾವಾ ಅವರ ಡಿಸೈನ್. 140 ಕ್ಯಾಪ್ಸುಲ್, ಅಂದ್ರೆ ಕಾರ್ಖಾನೆಯಲ್ಲೇ ರೆಡಿ ಮಾಡಿ ತಂದ ಪುಟ್ಟ ಕೋಣೆಗಳು, ಒಂದೊಂದಕ್ಕೆ ನಾಲ್ಕೇ ಬೋಲ್ಟ್, 25 ವರ್ಷಕ್ಕೊಮ್ಮೆ ಹಳೇದು ತೆಗೆದು ಹೊಸದು ಹಾಕೋ ಪ್ಲಾನು. ಆದ್ರೆ ಎಲ್ಲಾ ಎಷ್ಟು ಒತ್ತಾಗಿ ಕೂತಿದ್ವು ಅಂದ್ರೆ ಕೆಳಗಿನದು ಬೇಕಂದ್ರೆ ಮೇಲಿನವನ್ನ ಮೊದಲು ಇಳಿಸ್ಬೇಕು. ಒಂದನ್ನೂ ಬದಲಾಯಿಸ್ಲಿಲ್ಲ. 2022ರಲ್ಲಿ ಟವರ್ ಕೆಡವಿದಾಗ ಕೆಲವನ್ನ ಹಾಗೇ ಇಳಿಸಿ, ರಿಪೇರಿ ಮಾಡಿ ಮ್ಯೂಸಿಯಂಗಳಿಗೆ ಕೊಟ್ರು, ಆ ದುಂಡನೆ ಕಿಟಕಿ ಸಮೇತ.